ಗಾಜು ಕೊರೆಯದೆ ಉಪ್ಪುನೀರಿನ ಟ್ಯಾಂಕಿಗೆ ರೆಫ್ಯೂಜಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ನಮ್ಮ ಮನೆ ಹಾಲ್‌ನಲ್ಲಿ ಮೂರಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಬಂದವರು ಮೊದಲು ಕ್ಲೌನ್ ಮೀನು ನೋಡುತ್ತಾರೆ. ಆಮೇಲೆ ಪಕ್ಕದ ಕಬ್ಬಿಣದ ಸ್ಟ್ಯಾಂಡ್ ಮೇಲೆ, ಟ್ಯಾಂಕಿಗಿಂತ ಒಂದು ಗೇಣು ಎತ್ತರದಲ್ಲಿ ಕೂತಿರುವ ಪ್ಲಾಸ್ಟಿಕ್ ಟಬ್ ಕಡೆ ಕೈ ತೋರಿಸಿ, "ಇದೇನ್ರೀ, ಇಷ್ಟು ಪಾಚಿ ಹಿಡಿದಿದೆ, ತೊಳೆಯೋದಿಲ್ವಾ?" ಅಂತ ಕೇಳುತ್ತಾರೆ. ಆ ಪಾಚಿಯೇ ಟ್ಯಾಂಕನ್ನು ತೊಳೆಯುತ್ತಿದೆ ಅಂದರೆ ಯಾರೂ ನಂಬುವುದಿಲ್ಲ.

ಫೋನ್ ಮಾಡಿದವರಿಗೆಲ್ಲ ಹೇಳಿದ್ದನ್ನೇ ಹೇಳಿ ಸಾಕಾಯಿತು. ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಪಾಚಿ ಬೆಳೆಸುವುದು ಇದರಲ್ಲಿ ಸುಲಭದ ಭಾಗ. ಕರೆಂಟ್ ಹೋದಾಗ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಲೆಕ್ಕ ಹಾಕುವುದೇ ಕಷ್ಟ. ಆ ಪ್ರಶ್ನೆಯ ಉತ್ತರ ಉದ್ದವಾಗಿದೆ. ದಯವಿಟ್ಟು ಅದನ್ನು ಮಾತ್ರ ಹಾರಿಸಿ ಓದಬೇಡಿ.

ರೆಫ್ಯೂಜಿಯಂ ಅಂದರೆ ಏನು?

ಹಿತ್ತಲಲ್ಲಿ ಸೊಪ್ಪಿನ ಪಾತಿ ಮಾಡಿದರೆ ಕೋಳಿ ನುಗ್ಗದ ಹಾಗೆ ಸುತ್ತ ಮುಳ್ಳು ಕಟ್ಟುತ್ತೇವಲ್ಲ, ಅದೇ. ಟ್ಯಾಂಕಿನ ನೀರೇ ಹರಿದು ಹೋಗಿ ವಾಪಸ್ ಬರುವ, ಆದರೆ ಮೀನು ನುಗ್ಗಲಾಗದ ಒಂದು ಜಾಗ. ಅಲ್ಲಿ ಕಡಲ ಪಾಚಿ ಬೆಳೆಯುತ್ತದೆ. ಪಾಚಿಯ ಮರೆಯಲ್ಲಿ ಕೋಪೆಪಾಡ್, ಆಂಫಿಪಾಡ್ ಅನ್ನುವ ಸಣ್ಣ ಸಣ್ಣ ಜೀವಿಗಳು ಮರಿ ಹಾಕುತ್ತವೆ. ಕೋಪೆಪಾಡ್ ಅಂದರೆ ಗಾಜಿನ ಮೇಲೆ ಓಡಾಡುವ ಬಿಳಿ ಚುಕ್ಕಿ. ಆಂಫಿಪಾಡ್ ಸ್ವಲ್ಪ ದೊಡ್ಡದು, ಬೆನ್ನು ಬಾಗಿದ ಸಿಗಡಿ ಮರಿಯ ಹಾಗೆ ಕಾಣುತ್ತದೆ. ಮೀನಿದ್ದ ಕಡೆ ಇವು ಉಳಿಯುವುದಿಲ್ಲ, ಕಂಡ ಕೂಡಲೇ ಗುಳುಂ.

ನನ್ನ ಟ್ಯಾಂಕಿಗೆ ಫಿಲ್ಟರ್ ಇದೆ. ಇದು ಬೇರೆ ಯಾಕೆ?

ಮೀನಿಗೆ ಹಾಕಿದ ಊಟ, ಮೀನಿನ ಹೇಲು ಎಲ್ಲ ಕೊಳೆತು ಮೊದಲು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಸಾಮಾನ್ಯ ಫಿಲ್ಟರ್ ಕೆಲಸ ಅಲ್ಲಿಗೆ ಮುಗಿಯಿತು. ನೈಟ್ರೇಟ್ ಮತ್ತು ಫಾಸ್ಫೇಟ್ ನೀರಲ್ಲೇ ಕೂಡಿಕೊಂಡು ಹೋಗುತ್ತವೆ. ನೀರು ಬದಲಿಸಿದರೆ ಕಡಿಮೆಯಾಗುತ್ತವೆ, ನಿಜ. ಆದರೆ ಕಡಲಿಂದ ಇಷ್ಟು ದೂರದಲ್ಲಿರುವ ನಮಗೆ ಪ್ರತಿ ಲೀಟರ್ ಉಪ್ಪುನೀರೂ ದುಡ್ಡು ಕೊಟ್ಟು ಮಾಡಿಕೊಂಡದ್ದು.

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಕೆರೆಗೆ ಚರಂಡಿ ನೀರು ಸೇರಿದರೆ ಅಂತರಗಂಗೆ ಹಬ್ಬುತ್ತದೆ. ಬೆಟ್ಟದ ಅಂತರಗಂಗೆ ಅಲ್ಲ, ನೀರಿನ ಮೇಲೆ ತೇಲುವ ಕಳೆ. ಆ ಕಳೆ ಬೆಳೆದದ್ದು ನೀರಲ್ಲಿದ್ದ ಗೊಬ್ಬರ ತಿಂದು. ಅದನ್ನು ಎಳೆದು ದಡಕ್ಕೆ ಹಾಕಿದರೆ ಅದು ತಿಂದ ಗೊಬ್ಬರವೂ ಹೊರಗೆ ಬಂದ ಹಾಗೆ. ಅಲ್ಲೇ ಕೊಳೆಯಲು ಬಿಟ್ಟರೆ ಎಲ್ಲ ವಾಪಸ್ ನೀರಿಗೆ. ರೆಫ್ಯೂಜಿಯಂ ಅಂದರೆ ನಮಗೆ ಬೇಕಾದ ಕಡೆ, ನಮಗೆ ಬೇಕಾದ ಕಳೆ ಬೆಳೆಸಿ, ಹದಿನೈದು ದಿನಕ್ಕೊಮ್ಮೆ ಕಿತ್ತು ಎಸೆಯುವುದು, ಅಷ್ಟೇ. ೧೯೮೦ರ ದಶಕದಲ್ಲೇ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಪಾಚಿಯಿಂದ ಟ್ಯಾಂಕ್ ನೀರು ಶುದ್ಧ ಮಾಡುವ ವಿಧಾನ ರೂಪಿಸಿದ್ದರು. ಅವರದು ಬೇರೆ ಥರದ ಪಾಚಿ, ಬೇರೆ ಜೋಡಣೆ. ತತ್ವ ಇದೇ.

ಗಾಜು ಕೊರೆದರೆ ಸುಲಭ ಅಂತಾರೆ. ಯಾಕೆ ಕೊರೆಯಬಾರದು?

ಟ್ಯಾಂಕ್ ಖಾಲಿ ಇದ್ದು, ಮಾಮೂಲಿ ಗಾಜಾಗಿದ್ದರೆ ಕೊರೆಸಿಬಿಡಿ. ಡೈಮಂಡ್ ಬಿಟ್ ಇರುವ ಗಾಜಿನ ಅಂಗಡಿಯವರು ಮಾಡಿಕೊಡುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಇಲ್ಲ, ನಾನು ವಾದ ಮಾಡುವುದಿಲ್ಲ.

ನಮ್ಮಲ್ಲಿ ಬಹಳ ಜನರ ಸ್ಥಿತಿ ಹಾಗಿರುವುದಿಲ್ಲ. ಟ್ಯಾಂಕ್ ಎರಡು ವರ್ಷದಿಂದ ಓಡುತ್ತಿದೆ, ಒಳಗೆ ಜೀವ ಇದೆ. ಅಥವಾ ಗಾಜು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು. ಟಫನ್ಡ್ ಗಾಜಿಗೆ ಬಿಟ್ ತಾಗಿಸಿದರೆ ಇಡೀ ಹಾಳೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಪರೀಕ್ಷೆ ಮಾಡಬೇಕಾದರೆ ಗಾಜಿನ ಹಿಂದೆ ಲ್ಯಾಪ್‌ಟಾಪಿನ ಬಿಳಿ ಪರದೆ ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ತಲೆ ಅತ್ತಿತ್ತ ವಾಲಿಸಿ ನೋಡಿ. ಚುಕ್ಕಿ ಅಥವಾ ಪಟ್ಟೆಗಳು ಕಂಡರೆ ಟಫನ್ಡ್. ಅನುಮಾನ ಇದ್ದರೆ ಕೊರೆಯಲೇಬೇಡಿ.

ಕೊರೆಯದೆ ಎಷ್ಟು ದಾರಿ ಇವೆ?

ಮುಖ್ಯವಾಗಿ ನಾಲ್ಕು.

ಟ್ಯಾಂಕಿನ ಒಳಗೇ ಒಂದು ಗೂಡು. ತೂತುಗಳಿರುವ ಅಕ್ರಿಲಿಕ್ ಡಬ್ಬಿ, ಮೀನು ಮರಿ ಬಿಡುವ ಬ್ರೀಡರ್ ಬಾಕ್ಸ್, ಯಾವುದಾದರೂ ಸರಿ. ಒಳಗೆ ಪಾಚಿ ಹಾಕಿ ಮೇಲೆ ಲೈಟ್. ನೀರು ಚೆಲ್ಲುವ ಭಯವೇ ಇಲ್ಲ. ಚಿಕ್ಕದು, ನೋಡಲು ಅಷ್ಟು ಚೆನ್ನಾಗಿರುವುದಿಲ್ಲ. ಆದರೂ ಬಾಡಿಗೆ ಮನೆಯವರಿಗೆ, ಮೊದಲ ಸಲ ಮಾಡುವವರಿಗೆ ಇದನ್ನೇ ಹೇಳುತ್ತೇನೆ.

ಟ್ಯಾಂಕಿನ ಹಿಂದೆ ನೇತುಹಾಕುವ ಹ್ಯಾಂಗ್-ಆನ್. ಸಣ್ಣ ಪಂಪ್ ನೀರು ಎತ್ತಿ ಹಾಕುತ್ತದೆ, ತುಂಬಿದ ನೀರು ತುಟಿ ದಾಟಿ ಟ್ಯಾಂಕಿಗೆ ಬೀಳುತ್ತದೆ. ನೂರು ಲೀಟರ್ ಒಳಗಿನ ಟ್ಯಾಂಕಿಗೆ ಚೆನ್ನಾಗಿ ಹೊಂದುತ್ತದೆ. ಹಿಂದಿನ ಗೋಡೆ ಮೇಲೆ ಉಪ್ಪು ಹಿಡಿಯುತ್ತದೆ, ಆಗಾಗ ಒರೆಸುತ್ತಿರಬೇಕು.

ಟ್ಯಾಂಕಿಗಿಂತ ಎತ್ತರದಲ್ಲಿ ಬೇರೆ ಟಬ್. ನನ್ನದು ಇದೇ. ಮುಂದೆ ವಿವರವಾಗಿ ಹೇಳುತ್ತೇನೆ.

ನಾಲ್ಕನೆಯದು ಸೈಫನ್ (ಬಾಗಿದ ಕೊಳವೆಯಲ್ಲಿ ನೀರು ಅಂಚು ಹತ್ತಿ ತಾನೇ ಕೆಳಗಿಳಿಯುವುದು) ಓವರ್‌ಫ್ಲೋ ಬಾಕ್ಸ್ ಹಾಕಿ, ಕೆಳಗಿನ ಕ್ಯಾಬಿನೆಟ್‌ನಲ್ಲಿ ಸಂಪ್ ಇಡುವುದು. ಸಂಪ್ ಅಂದಾಗ ನಮ್ಮಪ್ಪ ಮನೆ ಮುಂದಿನ ನೀರಿನ ಸಂಪ್ ಅಂದುಕೊಂಡು ಗಾಬರಿಯಾಗಿದ್ದರು. ಅದಲ್ಲ. ಕೆಳಗೆ ಇಡುವ ಇನ್ನೊಂದು ಗಾಜಿನ ಟ್ಯಾಂಕ್. ಇದರ ಕಥೆಯೂ ಮುಂದೆ ಬರುತ್ತದೆ.

ಎತ್ತರದ ಟಬ್ ಹೇಗೆ ಕಟ್ಟಿದಿರಿ?

ಅಂತರಗಂಗೆ ಬೆಟ್ಟದಲ್ಲಿ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತದಲ್ಲ, ಅಲ್ಲಿ ನಿಂತಿದ್ದಾಗಲೇ ನನಗೆ ಹೊಳೆದದ್ದು. ಕೆಳಗೆ ಇಳಿಯುವ ನೀರಿಗೆ ಪಂಪೂ ಬೇಡ, ಸೈಫನ್ನೂ ಬೇಡ. ಮೇಲೆ ಎತ್ತುವುದಕ್ಕೆ ಮಾತ್ರ ಪಂಪ್ ಸಾಕು. ಪಂಪ್ ಟ್ಯಾಂಕಿನಲ್ಲಿ, ಟಬ್ ಮೇಲೆ, ನೀರು ತನ್ನಷ್ಟಕ್ಕೆ ವಾಪಸ್. ಇನ್ನೊಂದು ಲಾಭ: ಟಬ್‌ನಲ್ಲಿ ಹುಟ್ಟಿದ ಕೋಪೆಪಾಡ್, ಆಂಫಿಪಾಡ್ ಅನ್ನುವ ಪಾಡ್‌ಗಳು ಪಂಪಿನ ರೆಕ್ಕೆಗೆ ಸಿಗದೆ ನೀರಿನ ಜೊತೆ ಜಾರಿ ಟ್ಯಾಂಕಿಗೆ ಬೀಳುತ್ತವೆ. ಕ್ಲೌನ್ ಮೀನು ಆ ಪೈಪ್ ಬಾಯಿಯ ಹತ್ತಿರವೇ ಸುಳಿದಾಡುತ್ತಿರುತ್ತದೆ. ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ನನ್ನ ಟ್ಯಾಂಕ್ ಒಳಅಳತೆ ೯೦ ಸೆಂ.ಮೀ. ಉದ್ದ, ೩೮ ಅಗಲ, ೪೫ ಎತ್ತರ. ಟಬ್ ೪೫ ಸೆಂ.ಮೀ. ಉದ್ದ, ೩೦ ಅಗಲ, ಅದರಲ್ಲಿ ನೀರು ೧೫ ಸೆಂ.ಮೀ. ನಿಲ್ಲುತ್ತದೆ. ಅಂದರೆ ಸುಮಾರು ೨೦ ಲೀಟರ್. ಉಪ್ಪುನೀರು ಲೀಟರಿಗೆ ಒಂದು ಕಿಲೋಗಿಂತ ಒಂದಿಷ್ಟು ಜಾಸ್ತಿ ತೂಗುತ್ತದೆ, ಕಲ್ಲು ಬೇರೆ. ಮೊದಲು ಎರಡು ಟೊಮೆಟೊ ಕ್ರೇಟ್ ಮಗುಚಿ ಟೇಬಲ್ ಮೇಲೆ ಇಟ್ಟು ಅದರ ಮೇಲೆ ಟಬ್ ಕೂರಿಸಿದ್ದೆ. ಕೋಲಾರದಲ್ಲಿ ಕ್ರೇಟಿಗೇನು ಬರ. ಒಂದು ವಾರಕ್ಕೆ ಮೇಲಿನ ಕ್ರೇಟಿನ ತಳ ಬಗ್ಗಿತು. ಆಮೇಲೆ ವೆಲ್ಡಿಂಗ್ ಶಾಪಿನಲ್ಲಿ ಆಂಗಲ್ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಎರಡು ಕೋಟ್ ಪೇಂಟ್ ಹೊಡೆಸಿದೆ.

ಟಬ್‌ಗೆ ತೂತು ಹಾಕುವುದು ಗಾಜಿಗೆ ಹಾಕಿದಷ್ಟು ಕಷ್ಟವಲ್ಲ, ಹೋಲ್ ಸಾ ಇದ್ದರೆ ಎರಡು ನಿಮಿಷ. ಪೈಪ್ ಅಂಗಡಿಯಲ್ಲಿ ಒಂದು ಇಂಚಿನ ಟ್ಯಾಂಕ್ ನಿಪ್ಪಲ್ ಕೇಳಿ, ಮಾಳಿಗೆ ಮೇಲಿನ ನೀರಿನ ಟ್ಯಾಂಕಿಗೆ ಹಾಕುವುದೇ. ನಿಪ್ಪಲ್ ಮನೆಗೆ ತಂದ ಮೇಲೆ ಅದರ ಅಳತೆಗೆ ತೂತು ಕೊರೆಯಿರಿ, ಮೊದಲೇ ಕೊರೆದು ಆಮೇಲೆ ಹುಡುಕಬೇಡಿ. ರಬ್ಬರ್ ವಾಷರ್ ಟಬ್ ಒಳಗಡೆಗೆ ಬರಲಿ. ನಿಪ್ಪಲ್‌ನಿಂದ ಎಲ್ಬೋ, ಎಲ್ಬೋದಿಂದ ಪೈಪ್ ಕೆಳಗೆ ಟ್ಯಾಂಕಿಗೆ. ಪೈಪಿನ ತುದಿ ಟ್ಯಾಂಕ್ ನೀರಲ್ಲಿ ಒಂದು ಸೆಂ.ಮೀ. ಮುಳುಗಿದರೆ ಜುಳುಜುಳು ಸದ್ದು ನಿಲ್ಲುತ್ತದೆ. ಜಾಸ್ತಿ ಮುಳುಗಿದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ಗೊಳಕ್ ಗೊಳಕ್ ಅಂತ ತಡೆತಡೆದು ಇಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಸಿಪಿವಿಸಿ ಫಿಟಿಂಗ್‌ಗಳಲ್ಲಿ ಕೆಲವಕ್ಕೆ ಒಳಗೆ ಹಿತ್ತಾಳೆ ತಿರುಪು ಇರುತ್ತದೆ. ನಲ್ಲಿಗೆ ಒಳ್ಳೆಯದು, ನಮಗೆ ವಿಷ. ಹಿತ್ತಾಳೆಯಲ್ಲಿರುವ ತಾಮ್ರ ಉಪ್ಪುನೀರಲ್ಲಿ ಕರಗಿದರೆ ಸಿಗಡಿ, ಬಸವನಹುಳು, ಪಾಡ್ ಯಾವುದೂ ಬದುಕುವುದಿಲ್ಲ. ಜಿಐ ಫಿಟಿಂಗ್, ಕಬ್ಬಿಣದ ಕ್ಲಿಪ್ ಕೂಡ ಬೇಡ. ನೀರು ತಾಗುವ ಕಡೆ ಬರೀ ಪ್ಲಾಸ್ಟಿಕ್.

ಇಳಿಯುವ ಪೈಪ್ ಕಟ್ಟಿಕೊಂಡರೆ?

ಟಬ್ ತುಂಬಿ ನೆಲಕ್ಕೆ. ಅದಕ್ಕೇ ಎರಡು ತೂತು ಹಾಕಿ. ಎರಡನೆಯದರ ಕೆಳ ಅಂಚು ಮೊದಲನೆಯದರ ಮೇಲಿನ ಅಂಚಿಗಿಂತ ಎರಡು ಸೆಂ.ಮೀ. ಮೇಲಿರಲಿ. ಅದು ಯಾವಾಗಲೂ ಒಣಗಿರಬೇಕು. ಒದ್ದೆಯಾದರೆ ಕೆಳಗಿನದು ಕಟ್ಟಿಕೊಂಡಿದೆ ಅಂತಲೇ ಅರ್ಥ. ಎರಡರ ಬಾಯಿಗೂ ಪ್ಲಾಸ್ಟಿಕ್ ಜಾಲರಿ ಕಟ್ಟಿ, ಪಾಚಿಯ ಎಳೆ ಹೋಗಿ ಕೂರದ ಹಾಗೆ. ಇನ್ನೊಂದು ಉಪಾಯ ಅಂದರೆ ಪಂಪನ್ನು ಟ್ಯಾಂಕಿನ ತಳದಲ್ಲಿ ಇಡದೆ ನೀರಿನ ಮಟ್ಟದಿಂದ ಐದಾರು ಸೆಂ.ಮೀ. ಕೆಳಗೆ ಅಂಟಿಸುವುದು. ಏನೇ ಆದರೂ ಅಷ್ಟು ನೀರು ಮಾತ್ರ ಹೊರಗೆ ಹೋಗುತ್ತದೆ, ಮೀನಿಗೆ ಮಿಕ್ಕ ನೀರು ಇರುತ್ತದೆ.

ಕರೆಂಟ್ ಹೋದರೆ ಏನಾಗುತ್ತದೆ?

ಈ ಪ್ರಶ್ನೆಗೆ ಅಳತೆ ಹಿಡಿದು ಉತ್ತರ ಕೊಡುತ್ತೇನೆ. ನಿಮ್ಮ ಟ್ಯಾಂಕಿನ ಅಳತೆ ಹಾಕಿ ನೀವೂ ಲೆಕ್ಕ ಮಾಡಿ.

ನನ್ನ ಟ್ಯಾಂಕಿನ ಮೇಲ್ಮೈ ೯೦ ಗುಣಿಸು ೩೮, ಅಂದರೆ ೩,೪೨೦ ಚದರ ಸೆಂ.ಮೀ. ನೀರು ಒಂದು ಸೆಂ.ಮೀ. ಏರಬೇಕಾದರೆ ೩.೪ ಲೀಟರ್ ಬೇಕು. ಪಂಪ್ ಓಡುತ್ತಿರುವಾಗ ಟ್ಯಾಂಕಿನ ಅಂಚಿಗೂ ನೀರಿಗೂ ನಡುವೆ ನಾನು ೪ ಸೆಂ.ಮೀ. ಜಾಗ ಬಿಟ್ಟಿರುತ್ತೇನೆ. ಅಂದರೆ ಹದಿಮೂರೂವರೆ ಲೀಟರ್ ಚಿಲ್ಲರೆ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ನೆಲ.

ಈಗ ಕರೆಂಟ್ ಹೋಯಿತು. ಪಂಪ್ ನಿಂತಿತು. ಟಬ್‌ನಲ್ಲಿ ಇಳಿಯುವ ತೂತಿನ ಕೆಳ ಅಂಚಿಗಿಂತ ಮೇಲಿದ್ದ ನೀರು ಇಳಿದು ಬರುತ್ತದೆ. ಅದು ಎರಡು ಸೆಂ.ಮೀ. ಇದ್ದರೆ ೪೫ ಗುಣಿಸು ೩೦ ಗುಣಿಸು ೨, ಎರಡೂಮುಕ್ಕಾಲು ಲೀಟರಿಗೂ ಕಡಿಮೆ. ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಕೂಡ ಏರುವುದಿಲ್ಲ. ಇಲ್ಲಿಯವರೆಗೆ ನಿಶ್ಚಿಂತೆ.

ಮೋಸ ಮಾಡುವುದು ಇನ್ನೊಂದು ಪೈಪ್. ಪಂಪಿನಿಂದ ಟಬ್‌ಗೆ ನೀರು ತರುವ ಪೈಪಿನ ಬಾಯಿ ಟಬ್ ನೀರಿನಲ್ಲಿ ಮುಳುಗಿದ್ದರೆ, ಪಂಪ್ ನಿಂತ ಕೂಡಲೇ ಅದೇ ಪೈಪ್ ತಿರುಗುಮುರುಗಾಗಿ ನೀರು ಎಳೆಯಲು ಶುರು ಮಾಡುತ್ತದೆ. ಪೈಪಿನ ಬಾಯಿ ತೆರೆದು ಗಾಳಿ ಹೊಕ್ಕುವ ತನಕ ನಿಲ್ಲುವುದಿಲ್ಲ. ಬಾಯಿ ೧೦ ಸೆಂ.ಮೀ. ಆಳದಲ್ಲಿದ್ದರೆ ೪೫ ಗುಣಿಸು ೩೦ ಗುಣಿಸು ೧೦, ಹದಿಮೂರೂವರೆ ಲೀಟರ್ ವಾಪಸ್. ಮೇಲಿನ ಲೆಕ್ಕ ನೋಡಿ. ಟ್ಯಾಂಕ್ ಸರಿಯಾಗಿ ಅಂಚಿಗೆ ಬಂದು ನಿಂತಿತು. ಯಾರಾದರೂ ಟೇಬಲ್ ತಾಗಿಸಿದರೆ ಹೊರಗೆ.

ಪರಿಹಾರಕ್ಕೆ ಐದು ಪೈಸೆ ಖರ್ಚಿಲ್ಲ. ಆ ಪೈಪಿನ ಬಾಯಿ ಟಬ್ ನೀರಿಗಿಂತ ಮೇಲೇ ಇರಲಿ, ನೀರು ಮೇಲಿಂದ ಬೀಳಲಿ. ಸದ್ದು ಬೇಡ ಅಂದರೆ ಬಾಯಿ ಮುಳುಗಿಸಿ, ಆದರೆ ನೀರಿನ ಮಟ್ಟಕ್ಕೆ ಸರಿಯಾಗಿ ಪೈಪಿನಲ್ಲಿ ಒಂದು ಸಣ್ಣ ತೂತು ಹಾಕಿ. ನೀರು ಒಂದಿಷ್ಟು ಇಳಿದ ಕೂಡಲೇ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಆ ತೂತಿಗೆ ಉಪ್ಪು, ಪಾಚಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಹಲ್ಲುಕಡ್ಡಿ ಹಾಕಿ ಬಿಡಿಸಿ. ನಾನು ಎರಡೂ ಮಾಡಿ ನೋಡಿ ಈಗ ಮೇಲಿಂದ ಬೀಳುವ ಹಾಗೆಯೇ ಇಟ್ಟಿದ್ದೇನೆ. ಸದ್ದಿಗೆ ಅಭ್ಯಾಸವಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಸ್ವಿಚ್ ಆಫ್ ಮಾಡಿ ನೋಡಿ. ಟ್ಯಾಂಕ್ ಗಾಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಪಂಪ್ ನಿಲ್ಲಿಸಿ, ಹತ್ತು ನಿಮಿಷ ಕಾಯಿರಿ, ಎಲ್ಲಿಗೆ ಏರಿತು ನೋಡಿ. ಮತ್ತೆ ಆನ್ ಮಾಡಿ. ಮೂರು ಸಲ. ಆಮೇಲೆ ಪಂಪ್ ಓಡುವಾಗ ಕೆಳಗಿನ ತೂತನ್ನು ಬೆರಳಿಂದ ಮುಚ್ಚಿ, ಮೇಲಿನ ತೂತು ಅಷ್ಟೂ ನೀರನ್ನು ತಡೆದುಕೊಳ್ಳುತ್ತದಾ ನೋಡಿ. ಈ ಪರೀಕ್ಷೆ ಮಾಡದೆ ರಾತ್ರಿ ಮಲಗಬೇಡಿ.

ಓವರ್‌ಫ್ಲೋ ಬಾಕ್ಸ್ ಅಂದರೆ ನಿಮಗೆ ಯಾಕಷ್ಟು ಕೋಪ?

ಕೋಪ ಅಲ್ಲ, ಅನುಭವ. ಆ ಬಾಕ್ಸಿನಲ್ಲಿ ಎರಡು ಭಾಗ. ಒಂದು ಟ್ಯಾಂಕ್ ಒಳಗೆ, ಇನ್ನೊಂದು ಹೊರಗೆ. ನಡುವೆ ಗಾಜಿನ ಅಂಚು ಹತ್ತಿ ಇಳಿಯುವ ಬಾಗಿದ ಕೊಳವೆ. ಕೊಳವೆ ತುಂಬ ನೀರಿರುವ ತನಕ ಸೈಫನ್ ನಡೆಯುತ್ತದೆ. ಕರೆಂಟ್ ಹೋಗಿ ಬಂದರೂ ಎರಡೂ ಭಾಗದಲ್ಲಿ ನೀರು ನಿಂತೇ ಇರುವುದರಿಂದ ಮತ್ತೆ ತಾನೇ ಶುರುವಾಗುತ್ತದೆ. ಚೆನ್ನಾಗಿ ಯೋಚಿಸಿ ಮಾಡಿದ ಸಾಧನವೇ. ಆದರೆ ಹರಿವು ನಿಧಾನವಾಗಿದ್ದರೆ ನೀರಿನಲ್ಲಿರುವ ಸಣ್ಣ ಗುಳ್ಳೆಗಳು ಆ ಬಾಗಿನ ನೆತ್ತಿಯಲ್ಲಿ ಸೇರಿಕೊಳ್ಳುತ್ತವೆ. ದಿನಾ ಒಂದಿಷ್ಟು. ಒಂದು ದಿನ ಗಾಳಿಯೇ ಜಾಸ್ತಿಯಾಗಿ ಸೈಫನ್ ತುಂಡಾಗುತ್ತದೆ. ಇಳಿಯುವ ನೀರು ನಿಂತಿತು. ಕೆಳಗಿನ ಪಂಪಿಗೆ ಇದೇನು ಗೊತ್ತು? ಅದು ಸಂಪ್ ಖಾಲಿಯಾಗುವ ತನಕ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ಮೊದಲು ನಾನೂ ಈ ಬಾಕ್ಸನ್ನೇ ಹಾಕಿದ್ದೆ. ಆಗ ಶ್ರೀನಿವಾಸಪುರದಲ್ಲಿ ನೆಂಟರ ಮದುವೆ. ರಾತ್ರಿ ರಿಸೆಪ್ಷನ್, ಬೆಳಗ್ಗೆ ಮುಹೂರ್ತ ಮುಗಿಸಿ ಮಧ್ಯಾಹ್ನ ಮನೆ ಬಾಗಿಲು ತೆಗೆದರೆ ಚಪ್ಪಲಿ ತೇಲುವಷ್ಟು ಅಲ್ಲದಿದ್ದರೂ ಕಾಲು ಜಾರುವಷ್ಟು ನೀರು. ಟಿವಿ ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿ ಹೋಗಿತ್ತು. ಕೆಳಗೆ ಪಂಪ್ ಒಣಗಿ ಗರಗರ ಅಂತ ಸುಟ್ಟ ವಾಸನೆ ಹೊಡೆಯುತ್ತಿತ್ತು. ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಬಟ್ಟೆಯಲ್ಲಿ ಹಿಂಡುತ್ತಾ ಅಮ್ಮ ಹೇಳಿದ್ದು ಒಂದೇ ಮಾತು: "ಕಡಲು ನೋಡೋಕೆ ಮದ್ರಾಸಿಗೆ ಕರ್ಕೊಂಡು ಹೋಗಪ್ಪ ಅಂದ್ರೆ, ಮನೆಗೇ ತಂದುಬಿಟ್ಟೆಯಲ್ಲೋ."

ತಪ್ಪು ನನ್ನದೇ. ಸಂಪಿನ ಪಂಪ್ ಇರುವ ಭಾಗದಲ್ಲಿ ಮೂವತ್ತು ಲೀಟರ್ ನೀರಿತ್ತು, ಮೇಲೆ ಹಿಡಿಯುವ ಜಾಗ ಇದ್ದದ್ದು ಹದಿಮೂರೂವರೆ ಲೀಟರಿಗೆ. ಲೆಕ್ಕ ಹಾಕಿದ್ದರೆ ಅಂದೇ ಗೊತ್ತಾಗುತ್ತಿತ್ತು. ನೀವು ಓವರ್‌ಫ್ಲೋ ಬಾಕ್ಸ್ ಹಾಕಲೇಬೇಕು ಅಂದರೆ ಪಂಪ್ ಇರುವ ಭಾಗವನ್ನು ಗಾಜಿನ ಅಡ್ಡಗೋಡೆ ಹಾಕಿ ಚಿಕ್ಕದು ಮಾಡಿ. ಅದು ಪೂರ್ತಿ ಖಾಲಿಯಾದರೂ ಮೇಲಿನ ಟ್ಯಾಂಕ್ ತುಂಬಿ ಚೆಲ್ಲಬಾರದು. ಹರಿವು ಜೋರಾಗಿರಲಿ, ಗುಳ್ಳೆ ಕೂರಲು ಬಿಡಬೇಡಿ.

ಪಂಪ್ ಎಷ್ಟು ದೊಡ್ಡದು ಬೇಕು?

ಡಬ್ಬದ ಮೇಲೆ ಬರೆದಿರುವ ಲೀಟರ್ ನೀರನ್ನು ಎತ್ತರಕ್ಕೆ ಎತ್ತದೆ ಇದ್ದಾಗಿನ ಲೆಕ್ಕ. ಎತ್ತರ ಏರಿದಂತೆ ಇಳಿಯುತ್ತದೆ. ಡಬ್ಬದಲ್ಲೇ ಬರೆದ ಗರಿಷ್ಠ ಎತ್ತರಕ್ಕೆ ಹೋದರೆ ಒಂದು ತೊಟ್ಟೂ ಬರುವುದಿಲ್ಲ. ಆದ್ದರಿಂದ ಅಳೆದೇ ನೋಡಿ. ಪೈಪಿನ ಬಾಯಿಗೆ ಒಂದು ಲೀಟರಿನ ಜಗ್ ಹಿಡಿಯಿರಿ. ಹನ್ನೆರಡು ಸೆಕೆಂಡಿಗೆ ತುಂಬಿದರೆ ಗಂಟೆಗೆ ೩೦೦ ಲೀಟರ್. ನನ್ನ ಟಬ್‌ಗೆ ಅಷ್ಟು ಸಾಕು. ನೀರು ಸುಮ್ನೆ ನಿಂತ ಹಾಗಿದ್ದರೆ ಪಾಚಿಯ ಮೇಲೆ ಧೂಳು ಕೂರುತ್ತದೆ. ಪಾಚಿ ಮೆಲ್ಲಗೆ ಹೊರಳುತ್ತಿದ್ದರೆ ಸರಿ.

ಯಾವ ಪಾಚಿ ಹಾಕಲಿ?

ಕೀಟೋಮಾರ್ಫಾ, ಚಿಕ್ಕದಾಗಿ ಕೀಟೋ. ನೋಡಲು ಪಾತ್ರೆ ಉಜ್ಜುವ ಹಸಿರು ನಾರಿನ ಉಂಡೆಯ ಹಾಗೆ. ಬೇರಿಲ್ಲ, ಕಲ್ಲಿಗೆ ಅಂಟುವುದಿಲ್ಲ, ಕೈಯಲ್ಲಿ ಎತ್ತಿದರೆ ಇಡೀ ಉಂಡೆ ಬರುತ್ತದೆ. ಶುರು ಮಾಡುವವರಿಗೆ ಬೇರೆ ಯೋಚನೆಯೇ ಬೇಡ.

ಕಾಲರ್ಪಾ ನೋಡಲು ಚೆಂದ. ದ್ರಾಕ್ಷಿ ಗೊಂಚಲಿನ ಹಾಗಿರುವ ಜಾತಿಯಂತೂ ಬಹಳ ಚೆಂದ. ಬೆಳೆಯುವುದೂ ಜೋರು. ಆದರೆ ಅದಕ್ಕೊಂದು ಕೆಟ್ಟ ಗುಣ. ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ಸಂತಾನೋತ್ಪತ್ತಿಯ ಕಣಗಳನ್ನು ಬಿಟ್ಟು ಬಿಳುಚಿಕೊಂಡು ಸತ್ತುಹೋಗುತ್ತದೆ. ನೀರು ಮಜ್ಜಿಗೆಯ ಹಾಗಾಗುತ್ತದೆ, ಅಷ್ಟು ದಿನ ತಿಂದದ್ದೆಲ್ಲ ವಾಪಸ್ ಕಕ್ಕುತ್ತದೆ. ಕಲ್ಲಿಗೆ ಅಂಟಿದರೆ ಕೀಳುವುದೂ ಕಷ್ಟ. ನಾನು ಹಾಕುವುದಿಲ್ಲ.

ಗ್ರಾಸಿಲೇರಿಯಾ ಅನ್ನುವ ಕೆಂಪು ಪಾಚಿಯೂ ಇದೆ. ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್ ಮಾಡುವುದು ಇಂಥ ಪಾಚಿಯಿಂದಲೇ. ಪಾಚಿ ತಿನ್ನುವ ಮೀನಿಗೆ ಇದು ಇಷ್ಟ. ಕೀಟೋಗಿಂತ ನಿಧಾನ ಬೆಳೆಯುತ್ತದೆ.

ಕಡಲ ತೀರಕ್ಕೆ ಹೋದಾಗ ಪಾಚಿ, ಕಲ್ಲು ಆರಿಸಿಕೊಂಡು ಬರಬಹುದಾ?

ಬೇಡ. ಹವಳ, ಜೀವಂತ ಇರಲಿ ಸತ್ತಿರಲಿ, ತರುವುದು ಅಪರಾಧ. ಕಲ್ಲುಹವಳ, ಕಡಲಕುದುರೆ, ಕಡಲ ಸೌತೆ ಇವೆಲ್ಲ ೨೦೦೧ರಿಂದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ರಾಮೇಶ್ವರದ ಕಡೆ ಹೋದರೆ ಮನ್ನಾರ್ ಖಾರಿಯ ದ್ವೀಪಗಳು ೧೯೮೬ರಿಂದ ರಾಷ್ಟ್ರೀಯ ಉದ್ಯಾನ. ಪಾಚಿಯ ಜೊತೆ ಏಡಿ, ಹುಳ ಏನೇನೋ ಬರುವ ಕಾಟ ಬೇರೆ. ಕಲ್ಲಿನ ಬದಲು ಸೆರಾಮಿಕ್ ರಿಂಗ್ ಅಥವಾ ಸೆರಾಮಿಕ್ ಕಲ್ಲು ಹಾಕಿ. ಕೀಟೋ ಆದರೆ ಟ್ಯಾಂಕ್ ಇಟ್ಟಿರುವ ಸ್ನೇಹಿತರ ಹತ್ತಿರ ಒಂದು ಹಿಡಿ ಕೇಳಿ, ಎಲ್ಲರ ಹತ್ತಿರವೂ ಮಿಗುತ್ತಿರುತ್ತದೆ. ಒದ್ದೆ ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿದರೆ ಬೆಂಗಳೂರಿಂದ ಬಸ್ಸಿನಲ್ಲಿ ಆರಾಮಾಗಿ ಬರುತ್ತದೆ. ಆ ಒಂದು ಹಿಡಿಯಲ್ಲೇ ಪಾಡ್‌ಗಳೂ ಬಂದಿರುತ್ತವೆ.

ಲೈಟ್ ಯಾವುದು, ಎಷ್ಟು ಹೊತ್ತು?

ಗಿಡ ಬೆಳೆಸುವ ಕೆಂಪು-ನೀಲಿ ಎಲ್‌ಇಡಿ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಡಬ್ಬದ ಮೇಲೆ ೬೫೦೦ಕೆ ಅಂತ ಬರೆದಿರುವ ಮಾಮೂಲಿ ಬಿಳಿ ಬಲ್ಬ್. ೯ ವಾಟಿನದನ್ನು ದಿನಕ್ಕೆ ೧೨ ಗಂಟೆ ಉರಿಸಿದರೆ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ.

ಟ್ಯಾಂಕಿನ ಲೈಟ್ ಆರಿಸಿದ ಮೇಲೆ ಟಬ್‌ನ ಲೈಟ್ ಹಾಕಿ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಪಿಎಚ್ ಇಳಿಯುತ್ತದೆ. ಆ ಹೊತ್ತಿಗೆ ಪಾಚಿ ಬೆಳಕಿನಲ್ಲಿದ್ದರೆ ಅದನ್ನು ಹೀರಿಕೊಳ್ಳುತ್ತದೆ. ಪಿಎಚ್ ಏರಿಳಿತ ಕಡಿಮೆ. ಬಲ್ಬಿಗೂ ನೀರಿಗೂ ನಡುವೆ ಅಕ್ರಿಲಿಕ್ ಹಾಳೆ ಇರಲಿ. ವೈರ್ ಮೊದಲು ಸ್ವಿಚ್ ಬೋರ್ಡಿಗಿಂತ ಕೆಳಗೆ ಇಳಿದು ಆಮೇಲೆ ಮೇಲೇರಲಿ, ನೀರು ತೊಟ್ಟಿಕ್ಕಿದರೆ ಬೋರ್ಡಿಗೆ ಹೋಗದೆ ಕೆಳಗೆ ಬೀಳುತ್ತದೆ. ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಉಪ್ಪುನೀರಿನ ಜೊತೆ ಹುಡುಗಾಟ ಬೇಡ.

ಟಬ್ ತಳಕ್ಕೆ ಮರಳು ಹಾಕಬೇಕಾ?

ಹಾಕದಿದ್ದರೂ ನಡೆಯುತ್ತದೆ. ಬರಿಗೈಯಲ್ಲಿ ಒರೆಸಿ ತೆಗೆಯಲು ಅನುಕೂಲ. ನಾಲ್ಕಾರು ಇಂಚು ಮರಳು ಹಾಕಿ ಆಮೇಲೆ ಕೆದಕಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ.

ಟಬ್‌ನಲ್ಲಿ ಒಂದೇ ಒಂದು ಸಣ್ಣ ಮೀನು ಬಿಡಬಹುದಾ?

ಬೇಡ.

ಮ್ಯಾಂಡರಿನ್ ಮೀನು ತರಬೇಕು ಅಂತಲೇ ಇದನ್ನು ಮಾಡುತ್ತಿದ್ದೇನೆ. ಆಗುತ್ತದಾ?

ಇಪ್ಪತ್ತು ಲೀಟರಿನ ಟಬ್ ನಂಬಿಕೊಂಡು ತರಬೇಡಿ. ಅದು ಬೆಳಗಿಂದ ಸಂಜೆ ತನಕ ಪಾಡ್ ಹೆಕ್ಕುತ್ತಲೇ ಇರುವ ಮೀನು. ಒಂದೆರಡು ತಿಂಗಳಲ್ಲಿ ಇದ್ದದ್ದೆಲ್ಲ ಮುಗಿಸಿ, ಹೊಟ್ಟೆ ಒಳಸೇರಿ, ನಮ್ಮ ಕಣ್ಣೆದುರೇ ಸೊರಗುತ್ತದೆ.

ಬೋರ್ ನೀರಿನಲ್ಲಿ ಉಪ್ಪು ಕಲಸಿದರೆ?

ನಮ್ಮ ಕಡೆ ಬೋರ್ ನೀರಿನ ಬಗ್ಗೆ ಹೇಳಬೇಕಾ? ಗಡಸು, ಫ್ಲೋರೈಡ್, ಬಕೆಟ್ ತಳದಲ್ಲಿ ಬಿಳಿ ಪೊರೆ. ನೈಟ್ರೇಟ್ ಇಳಿಸಲು ಹೊರಟವರು ನೈಟ್ರೇಟ್ ಇರಬಹುದಾದ ನೀರನ್ನೇ ಸುರಿಯಬಾರದು.

ಆರ್‌ಓ ನೀರೇ ಬೇಕು. ಆದರೆ ಮನೆಯ ಆರ್‌ಓ ಕುಡಿಯಲು ರುಚಿ ಇರಲಿ ಅಂತ ಒಂದಿಷ್ಟು ಲವಣ ಉಳಿಸಿಕೊಡುತ್ತದೆ. ಒಳಗೊಂದು ಟಿಡಿಎಸ್ ತಿರುಪು ಇರುತ್ತದೆ, ಸರ್ವಿಸ್ ಹುಡುಗನಿಗೆ ಹೇಳಿ ಪೂರ್ತಿ ಮುಚ್ಚಿಸಿ. ಅದರ ಮುಂದೆ ಉಳಿದ ಲವಣ ಹೀರುವ ಡಿಐ ರೆಸಿನ್ ಹಾಕಿದರೆ ಟಿಡಿಎಸ್ ಸೊನ್ನೆಗೆ ಬರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರು ಮೀಟರಿನಲ್ಲಿ ಅಳೆದೇ ಬಳಸಿ. ನಾನು ಅಳೆದ ಎರಡು ಕಡೆ ಒಂದರಲ್ಲಿ ೪೦, ಇನ್ನೊಂದರಲ್ಲಿ ೧೧೦ ಬಂತು.

ಟಬ್‌ನ ೨೦ ಲೀಟರಿಗೆ ಸುಮಾರು ಮುಕ್ಕಾಲು ಕಿಲೋ ಸಮುದ್ರದ ಉಪ್ಪಿನ ಮಿಕ್ಸ್ ಹಿಡಿಯುತ್ತದೆ. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವುದಿಲ್ಲ. ಬೇರೆ ಬಕೆಟಿನಲ್ಲಿ ಕಲಸಿ, ಸಾಂದ್ರತೆ ೧.೦೨೫ ಬಂದ ಮೇಲೆ ಟಬ್‌ಗೆ ಸುರಿಯಿರಿ. ಟಬ್ ತುಂಬುತ್ತಾ ಟ್ಯಾಂಕ್ ನೀರು ಇಳಿದರೆ ಗಾಬರಿ ಬೇಡ, ಉಪ್ಪುನೀರು ಸೇರಿಸಿ ಸರಿ ಮಾಡಿ. ಅಲ್ಲಿಂದ ಮುಂದೆ ದಿನಾ ಆವಿಯಾಗುವ ನೀರಿಗೆ ಮಾತ್ರ ಬರೀ ಆರ್‌ಓ ನೀರು. ಉಪ್ಪು ಆವಿಯಾಗುವುದಿಲ್ಲವಲ್ಲ.

ಬೇಸಿಗೆಯಲ್ಲಿ?

ಏಪ್ರಿಲ್‌ನಲ್ಲಿ ಟಬ್ ಮತ್ತು ಟ್ಯಾಂಕ್ ಎರಡರ ಮೇಲೂ ಸಣ್ಣ ಫ್ಯಾನ್ ತಿರುಗಿಸುತ್ತೇನೆ. ಆವಿಯಾಗುವಾಗ ನೀರು ತಂಪಾಗುತ್ತದೆ, ಮಣ್ಣಿನ ಹೂಜಿಯ ಹಾಗೆ. ಆದರೆ ದಿನಕ್ಕೆ ಮೂರು ಲೀಟರ್ ಕಡಿಮೆಯಾಗುತ್ತದೆ. ಟಬ್‌ನಲ್ಲಿ ಮಟ್ಟ ಬದಲಾಗುವುದಿಲ್ಲ, ಕೊರತೆ ಎಲ್ಲ ಟ್ಯಾಂಕಿನಲ್ಲೇ ಕಾಣುತ್ತದೆ. ಪಂಪನ್ನು ಮೇಲೆ ಅಂಟಿಸಿದ್ದೀರಲ್ಲ, ಐದಾರು ದಿನ ಊರಿಗೆ ಹೋದರೆ ಅದು ಗಾಳಿ ಎಳೆಯುತ್ತದೆ. ಯಾರಿಗಾದರೂ ಹೇಳಿ ಹೋಗಿ. ಪಂಪ್ ಮನೆಯ ಇನ್ವರ್ಟರ್ ಲೈನಿನಲ್ಲಿರಲಿ, ಹತ್ತು ವಾಟಿನ ಪಂಪ್ ಇನ್ವರ್ಟರಿಗೆ ಲೆಕ್ಕಕ್ಕೇ ಇಲ್ಲ.

ಎಷ್ಟು ದಿನಕ್ಕೆ ಗುಣ ಕಾಣುತ್ತದೆ? ನನ್ನ ಪಾಚಿ ಬೆಳೆಯುತ್ತಲೇ ಇಲ್ಲ.

ಮೊದಲ ಎರಡು ಮೂರು ವಾರ ಪಾಚಿ ಸುಮ್ಮನೆ ಕೂತಿರುತ್ತದೆ. ಆಮೇಲೆ ಒಮ್ಮೆಗೇ ಹೊರಡುತ್ತದೆ. ನನ್ನ ನೈಟ್ರೇಟ್ ೪೦ರ ಆಸುಪಾಸಿನಿಂದ ೧೦ಕ್ಕೆ ಇಳಿಯಲು ಮೂರು ತಿಂಗಳು ಹಿಡಿಯಿತು. ಪಾಡ್‌ಗಳನ್ನು ನೋಡಬೇಕಾದರೆ ರಾತ್ರಿ ಲೈಟ್ ಆರಿಸಿ, ಟಬ್ ಒಳಗೆ ಟಾರ್ಚ್ ಬಿಡಿ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗೋಡೆ ತುಂಬ ಅಕ್ಕಿ ನುಚ್ಚು ಓಡಾಡಿದ ಹಾಗೆ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ರಾತ್ರಿ ಹನ್ನೊಂದೂವರೆಗೆ ಮನೆಯವರನ್ನೆಲ್ಲ ಎಬ್ಬಿಸಿದ್ದೆ. ಯಾರಿಗೂ ನನ್ನಷ್ಟು ಖುಷಿ ಆಗಲಿಲ್ಲ.

ಎರಡು ತಿಂಗಳಾದರೂ ಬೆಳೆದಿಲ್ಲ ಅಂದರೆ ಬೆಳಕು ಕಡಿಮೆ, ಇಲ್ಲವೇ ನೀರಿನಲ್ಲಿ ತಿನ್ನಲು ಏನೂ ಇಲ್ಲ. ನೈಟ್ರೇಟ್ ಸೊನ್ನೆ ತೋರಿಸಿ ಪಾಚಿ ಬಿಳುಚಿಕೊಂಡಿದ್ದರೆ ಅದು ಹಸಿದಿದೆ. ಮೀನಿಗೆ ಊಟ ಒಂದಿಷ್ಟು ಜಾಸ್ತಿ ಹಾಕಿ, ಸರಿಹೋಗುತ್ತದೆ.

ಎಷ್ಟು ಕೀಳಬೇಕು? ಕಿತ್ತದ್ದನ್ನು ಏನು ಮಾಡುವುದು?

ಉಂಡೆ ಟಬ್ ತುಂಬ ಬಂದು ಒಳಗಿನದಕ್ಕೆ ಬೆಳಕು ತಾಗದಿದ್ದರೆ ನಡುವೆ ಕೊಳೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ತೆಗೆಯಿರಿ. ತೆಗೆದದ್ದನ್ನು ಟ್ಯಾಂಕ್ ನೀರಿನ ಬಕೆಟಿನಲ್ಲಿ ಅಲುಗಾಡಿಸಿ, ಪಾಡ್‌ಗಳು ಉದುರುತ್ತವೆ. ಆ ನೀರನ್ನು ವಾಪಸ್ ಹಾಕಿ.

ಹಿಂಡಿದ ಪಾಚಿಯನ್ನು ಸೀದಾ ಗಿಡದ ಬುಡಕ್ಕೆ ಹಾಕಬೇಡಿ, ಉಪ್ಪಿಗೆ ಗಿಡ ಸುಡುತ್ತದೆ. ನಾಲ್ಕೈದು ಸಲ ನಲ್ಲಿ ನೀರಲ್ಲಿ ತೊಳೆದರೆ ಗೊಬ್ಬರದ ಗುಂಡಿಗೆ ಹಾಕಬಹುದು. ನಮ್ಮನೆಯಲ್ಲಿ ಆ ಕೆಲಸ ಈಗ ಅಮ್ಮನದು. ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ಹದಿನಾಲ್ಕನೇ ದಿನಕ್ಕೇ, "ಲೋ, ನಿನ್ ಪಾಚಿ ತುಂಬಿದೆ ನೋಡು, ಬಕೆಟ್ ತರ್ಲಾ?" ಅಂತ ಅವರೇ ಕೇಳುತ್ತಾರೆ.